ದಾರಿಗೆ ತಕ್ಕ ಗಾಲಿ

ಆರಿದ್ರಾ ಮಳೆ ಹಿಡಿದು ಮೂರು ದಿನ ಕಳೆಯುವಷ್ಟರಲ್ಲಿ ಮಲೆನಾಡಿನ ಮನೆದಾರಿಗಳ ನಿಜರೂಪ ಬಯಲಾಗುತ್ತದೆ. ಬೇಸಗೆಯಲ್ಲಿ ಯಾವ ಕಾರಿಗಾದರೂ ಎಡೆಗೊಡುತ್ತಿದ್ದ ಕೆಮ್ಮಣ್ಣಿನ ಏರು ಆಗ ಎಣ್ಣೆ ಸವರಿದಂತೆ ಜಾರತೊಡಗುತ್ತದೆ. ಟಾರು ರಸ್ತೆಯಿಂದ ಮನೆಯಂಗಳಕ್ಕೆ ಇರುವುದು ಅರ್ಧ ಮೈಲಿಯೇ ಆದರೂ ಮಳೆಗಾಲದ ನಾಲ್ಕು ತಿಂಗಳು ಆ ಅರ್ಧ ಮೈಲಿ ಮನೆಯನ್ನು ಊರಿನಿಂದ ಬೇರೆ ಮಾಡುತ್ತದೆ. ಕಾರು ರಸ್ತೆಬದಿಯಲ್ಲಿ ಟಾರ್ಪಾಲು ಹೊದ್ದು ನಿಲ್ಲುತ್ತದೆ. ಗ್ಯಾಸ್ ಸಿಲಿಂಡರು, ಹಿಂಡಿಯ ಚೀಲ, ಔಷಧಿ ಹೊಡೆಯಲು ತಂದ ಮೈಲುತುತ್ತ ಎಲ್ಲವೂ ತಲೆಹೊರೆಯಲ್ಲಿಯೇ ಇಳಿಯಬೇಕು. ನಡುರಾತ್ರಿಯಲ್ಲಿ ಹಿರಿಯರೊಬ್ಬರಿಗೆ ಎದೆನೋವು ಬಂದರೆ ಕುರ್ಚಿಗೆ ಗಳ ಕಟ್ಟಿ ಹೊರಲು ನಾಲ್ಕು ಹೆಗಲು ಬೇಕು. ಯುವಕರೆಲ್ಲ ಬೆಂಗಳೂರು ಸೇರಿರುವ ಕೇರಿಗಳಲ್ಲಿ ಆ ಹೆಗಲುಗಳೂ ಇಲ್ಲ.

ಇಂಥ ಒಂದು ಮಳೆಗಾಲ ಕಳೆದ ಮನೆಯಲ್ಲಿ ದೀಪಾವಳಿಯ ಹೊತ್ತಿಗೆ ಎರಡು ಆಲೋಚನೆಗಳು ಮೂಡುತ್ತವೆ. ಒಂದು, ಜೆಸಿಬಿ ತರಿಸಿ ದರೆ ಕಡಿದು, ದಾರಿ ಅಗಲ ಮಾಡಿ, ಇರುವ ಕಾರೇ ಅಂಗಳಕ್ಕೆ ಬರುವಂತೆ ಮಾಡುವುದು. ಇನ್ನೊಂದು, ದಾರಿಯನ್ನು ಇದ್ದಂತೆಯೇ ಬಿಟ್ಟು, ಆ ದಾರಿಯಲ್ಲಿ ಓಡಬಲ್ಲ ಹಳೆಯ ಫೋರ್‌ವೀಲ್ ವಾಹನವೊಂದನ್ನು ಕೊಳ್ಳುವುದು. ಮೊದಲನೆಯದನ್ನು ಅಭಿವೃದ್ಧಿಯೆಂದೂ ಎರಡನೆಯದನ್ನು ಶೋಕಿಯೆಂದೂ ಕರೆಯುವ ರೂಢಿ ಬಂದಿದೆ. ಪರಿಸರದ ಕಾಳಜಿಯುಳ್ಳವರಲ್ಲಿಯೂ ಹಲವರು ‘ಕಾಡಿನ ಮಾತಾಡುವವರಿಗೆ ಜೀಪೇಕೆ?’ ಎಂಬ ಪ್ರಶ್ನೆಗೆ ಅಂಜಿ ಎರಡನೆಯ ದಾರಿಯನ್ನು ಬಿಟ್ಟುಬಿಡುತ್ತಾರೆ. ಬೆಟ್ಟದ ಇಳಿಜಾರಿನ ಮಟ್ಟಿಗಂತೂ ಈ ತೀರ್ಪು ತಲೆಕೆಳಗಾಗಿದೆ. ಅಗತ್ಯವನ್ನು ಅರಿತು, ಹಗುರವಾದುದನ್ನು ಆರಿಸಿ, ಮಿತವಾಗಿ ಬಳಸಿದಲ್ಲಿ ಹಳೆಯ ಫೋರ್‌ವೀಲ್ ವಾಹನವು ಅಗಲಗೊಂಡ ದಾರಿಗಿಂತ ಎಷ್ಟೋ ಕಡಿಮೆ ಹಾನಿ ಮಾಡುತ್ತದೆ.

ಕಡಿದ ದರೆಯ ಲೆಕ್ಕ

ಇಳಿಜಾರಿನಲ್ಲಿ ದಾರಿ ಕಡಿಯುವಾಗ ಅಗಲ ಇಮ್ಮಡಿಯಾದರೆ ಮಣ್ಣು ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಎರಡು ಅಡಿ ಹೋದರೆ ಒಂದು ಅಡಿ ಏರುವ ಗುಡ್ಡವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರಲ್ಲಿ ಎಂಟಡಿ ಅಗಲದ ದಾರಿ ಕಡಿದರೆ ಒಳಬದಿಗೆ ನಾಲ್ಕಡಿ ಎತ್ತರದ ದರೆ ನಿಲ್ಲುತ್ತದೆ. ಉದ್ದದ ಪ್ರತಿ ಅಡಿಗೆ 16 ಘನ ಅಡಿ ಮಣ್ಣು ಹೊರಬೀಳುತ್ತದೆ. ಅದೇ ದಾರಿಯನ್ನು ಹದಿನಾರು ಅಡಿಗೆ ಹಿಗ್ಗಿಸಿದರೆ ದರೆಯ ಎತ್ತರ ಎಂಟಡಿ, ಮಣ್ಣು 64 ಘನ ಅಡಿ. ಆ ಮಣ್ಣನ್ನು ಹೊತ್ತೊಯ್ಯುವವರು ಯಾರೂ ಇಲ್ಲ. ಜೆಸಿಬಿಯ ಬಕೆಟ್ಟು ಅದನ್ನು ಹೊರಬದಿಯ ಇಳಿಜಾರಿಗೆ ನೂಕಿ ಮುಂದೆ ಸಾಗುತ್ತದೆ. ಮುಂದಿನ ಮುಂಗಾರಿನಲ್ಲಿ ಅದು ಕೆಳಗಿನ ತೋಟದ ಕಪ್ಪು, ಗದ್ದೆಯ ಬದು, ಹಳ್ಳದ ಗುಂಡಿಗಳನ್ನು ಸೇರುತ್ತದೆ.

ಮಲೆನಾಡಿನ ಮಣ್ಣಿನ ರಚನೆಯೇ ಈ ಕೆಲಸಕ್ಕೆ ಹೊಂದುವುದಿಲ್ಲ. ಮೇಲೆ ಗಟ್ಟಿಯಾದ ಜಂಬಿಟ್ಟಿಗೆಯ ಹೊದಿಕೆ ಇರುವ ಕಡೆಗಳಲ್ಲಿ ಅದರಡಿಯಲ್ಲಿ ಹಲವೊಮ್ಮೆ ಇರುವುದು ನುಣುಪಾದ ಶೇಡಿಮಣ್ಣು. ಹೊದಿಕೆ ಇರುವವರೆಗೆ ಶೇಡಿ ಅಲುಗದು. ದರೆ ಕಡಿದು ಅದನ್ನು ಬೆಳಕಿಗೆ ತಂದರೆ, ನೀರು ಕುಡಿದೊಡನೆ ಅಂಬಲಿಯಂತಾಗಿ ಹರಿಯತೊಡಗುತ್ತದೆ. ಮೇಲಿನ ಜಂಬಿಟ್ಟಿಗೆ, ಅದರ ಮೇಲಿನ ಮರ, ಮರದ ಮೇಲ್ಬದಿಯ ಕೊಟ್ಟಿಗೆ ಒಂದಾದ ಮೇಲೊಂದರಂತೆ ಇಳಿದು ಬರುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಭಾಗಗಳಲ್ಲಿ ಗುಡ್ಡಗಳು ಕುಸಿದ ಬಳಿಕ ಅಧ್ಯಯನ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅತಿವೃಷ್ಟಿಯ ಜೊತೆಗೆ ಇಳಿಜಾರುಗಳನ್ನು ಮನುಷ್ಯರು ಮನಬಂದಂತೆ ಮಾರ್ಪಡಿಸಿದ್ದನ್ನೂ ಕಾರಣವಾಗಿ ಗುರುತಿಸಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡದ್ದು ಹೆದ್ದಾರಿಗಾಗಿ ಬುಡ ಕಡಿಸಿಕೊಂಡಿದ್ದ ಗುಡ್ಡ. ಹೆದ್ದಾರಿಯ ದರೆಗೂ ಮನೆದಾರಿಯ ದರೆಗೂ ಇರುವ ವ್ಯತ್ಯಾಸ ಗಾತ್ರದ್ದು ಮಾತ್ರ. ನೀರು ಮತ್ತು ಮಣ್ಣು ಪಾಲಿಸುವ ನಿಯಮ ಎರಡೂ ಕಡೆ ಒಂದೇ.

ಕುದುರೆಮುಖದ ಗಣಿಯಿಂದ ಭದ್ರೆಗೆ ಇಳಿಯುತ್ತಿದ್ದ ಹೂಳಿನ ವಿರುದ್ಧ ಮಲೆನಾಡು ದನಿಯೆತ್ತಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಹೋರಾಟವನ್ನು ಹೆಮ್ಮೆಯಿಂದ ನೆನೆಯುವ ಮನೆಗಳೇ ತಮ್ಮ ತಮ್ಮ ಹಿತ್ತಿಲಿನಿಂದ ಒಂದೊಂದು ಲೋಡು ಹೂಳನ್ನು ಹಳ್ಳಕ್ಕೆ ಬಿಡುತ್ತಿದ್ದರೆ ಹೊಳೆಗೆ ಅದರ ಮೂಲ ಗಣಿಯೋ ಮನೆಯೋ ಎಂಬುದು ಮುಖ್ಯವಲ್ಲ.

ಮೊದಲ ಪ್ರಶ್ನೆ: ಬೇಕೇ?

ವಾಹನದ ಆಯ್ಕೆಗೆ ಮೊದಲು ಅದರ ಅಗತ್ಯವನ್ನು ತೂಗಬೇಕು. ಕಡಿದಾದ ಒಂದೆರಡು ಏರುಗಳನ್ನು ಬಿಟ್ಟರೆ ಉಳಿದ ದಾರಿ ಗಟ್ಟಿಯಿರುವ ಮನೆಗಳಿಗೆ ಫೋರ್‌ವೀಲ್ ಬೇಕಾಗದು. ಗಾಲಿ ಹಾಯುವ ಎರಡು ಜಾಡುಗಳಿಗೆ ಮಾತ್ರ ಕಲ್ಲು ಹಾಸಿ, ನಡುವೆ ಹುಲ್ಲು ಬಿಟ್ಟು, ಮೇಲ್ಬದಿಯ ಚರಂಡಿಯನ್ನು ಮಳೆಗೆ ಮೊದಲು ಬಿಡಿಸಿ, ದಾರಿಗೆ ಅಡ್ಡಲಾಗಿ ಓರೆಯಾದ ಕಟ್ಟೆಗಳನ್ನು ಹಾಕಿ ನೀರನ್ನು ಆಗಾಗ ಹೊರಗೆ ಹಾಯಿಸಿದರೆ ಸಾಮಾನ್ಯ ಕಾರೇ ಮಳೆಗಾಲವಿಡೀ ಓಡಾಡೀತು. ಈ ಕೆಲಸಕ್ಕೆ ಗುದ್ದಲಿ, ಹಾರೆ, ನಾಲ್ಕು ಆಳು ಸಾಕು. ರಸ್ತೆಬದಿಯಲ್ಲಿ ಒಂದು ಸಣ್ಣ ಮಾಡು ಕಟ್ಟಿ, ಅಲ್ಲಿಂದ ನಡೆದೇ ಹೋಗಿಬರುವ ಮನೆಗಳೂ ಇವೆ. ಗಟ್ಟಿಮುಟ್ಟಾದವರಿಗೆ ಇದಕ್ಕಿಂತ ಅಗ್ಗದ ಪರಿಹಾರವಿಲ್ಲ.

ಆದರೆ ಹಾಸಿಗೆ ಹಿಡಿದ ಹಿರಿಯರು, ಬಸುರಿ, ಎಳೆಮಕ್ಕಳು ಇರುವ ಮನೆಗೆ, ಸಂಕವಿಲ್ಲದ ಹಳ್ಳ ದಾಟಬೇಕಾದ ಮನೆಗೆ, ಅಥವಾ ಹತ್ತಾರು ತಿರುವುಗಳ ಜೇಡಿಮಣ್ಣಿನ ಘಟ್ಟದ ಬುಡದಲ್ಲಿರುವ ಮನೆಗೆ ನಡೆದು ಬನ್ನಿ ಎಂದು ಉಪದೇಶಿಸುವುದು ಕ್ರೌರ್ಯ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ನಾಲ್ಕು ಗಾಲಿಗಳ ಎಳೆತ ಭೋಗದ ವಸ್ತುವಲ್ಲ. ಮಹಾಯುದ್ಧದ ನಂತರ ಹರಾಜಾದ ಮಿಲಿಟರಿ ಜೀಪುಗಳು ಕಾಫಿ ತೋಟಗಳಿಗೆ ಬಂದದ್ದೂ, ಆಮೇಲೆ ಮಹೀಂದ್ರದ ಜೀಪುಗಳು ಅಡಕೆಯ ಸೀಮೆಗೆ ಇಳಿದದ್ದೂ ಇದೇ ಕಾರಣಕ್ಕೆ. ಆ ಜೀಪುಗಳು ದಾರಿಯನ್ನು ತಮಗೆ ತಕ್ಕಂತೆ ತಿದ್ದಲಿಲ್ಲ; ಗಾಡಿದಾರಿಗಳ ಮೇಲೆಯೇ ಓಡಿದವು.

ನಾಲ್ಕು ಗಾಲಿಯ ಗುಟ್ಟು

ಎತ್ತರವಾಗಿ ಕಾಣುವ ವಾಹನವೆಲ್ಲ ಫೋರ್‌ವೀಲ್ ಅಲ್ಲ. ಪೇಟೆಯಲ್ಲಿ ಎಸ್‌ಯುವಿ ಎಂದು ಮಾರಾಟವಾಗುವವುಗಳಲ್ಲಿ ಬಹುಪಾಲು ಎರಡೇ ಗಾಲಿಗಳಿಂದ ಎಳೆಯುವಂಥವು. ಒಂದೇ ಹೆಸರಿನ ವಾಹನದಲ್ಲಿಯೂ ಎರಡು ಬಗೆಗಳಿರುತ್ತವೆ. ಬೊಲೆರೊಗಳಲ್ಲಿ ಹೆಚ್ಚಿನವು ಹಿಂದಿನ ಗಾಲಿಯವು. 2010ರಲ್ಲಿ ಬಂದ ಮೊದಲ ಥಾರ್‌ನಲ್ಲಿ ಎರಡೂ ಬಗೆ ಇದ್ದವು. 2020ರಲ್ಲಿ ಬಂದ ಹೊಸ ಥಾರ್‌ಗೂ 2023ರಲ್ಲಿ ಹಿಂದಿನ ಗಾಲಿಯ ಬಗೆ ಸೇರಿತು. ಅಂಟಿಸಿದ ಬಿಲ್ಲೆಯನ್ನು ನಂಬದೆ ಕೆಳಗೆ ಬಗ್ಗಿ, ಮುಂದಿನ ಗಾಲಿಗಳಿಗೆ ಶಾಫ್ಟು ಹೋಗಿದೆಯೇ ಎಂದು ಕಣ್ಣಾರೆ ನೋಡುವುದೇ ಖಚಿತವಾದ ಪರೀಕ್ಷೆ.

ಬೆಟ್ಟದ ಮನೆಗೆ ನಾಲ್ಕು ಗಾಲಿಯಷ್ಟೇ ಮುಖ್ಯವಾದದ್ದು ಲೋ ಗೇರು. ಗೇರುಪೆಟ್ಟಿಗೆಯ ಹಿಂದಿರುವ ಇನ್ನೊಂದು ಪೆಟ್ಟಿಗೆಯು ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುತ್ತದೆ. ಅದರ ಕಿರುಗೋಲನ್ನು ಲೋಗೆ ತಂದರೆ ಹಳೆಯ ಜೀಪುಗಳಲ್ಲಿ ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ, ಎಳೆತ ಅಷ್ಟೇ ಪಟ್ಟು ಏರುತ್ತದೆ. ಇದರ ನಿಜವಾದ ಉಪಕಾರ ಏರಿಗಿಂತ ಇಳಿಜಾರಿನಲ್ಲಿ. ಒದ್ದೆ ಜೇಡಿಯ ಮೇಲೆ ಬ್ರೇಕು ಒತ್ತಿದರೆ ಗಾಲಿ ನಿಂತು ವಾಹನ ಜಾರುತ್ತದೆ. ಲೋ ಗೇರಿನ ಒಂದನೆಯಲ್ಲಿ ಬ್ರೇಕು ಮುಟ್ಟದೆ ಇಳಿದರೆ ಎಂಜಿನ್ನೇ ನಾಲ್ಕೂ ಗಾಲಿಗಳನ್ನು ಹಿಡಿದುಕೊಂಡು ನಡಿಗೆಯ ವೇಗದಲ್ಲಿ ಇಳಿಸುತ್ತದೆ. ನಾಲ್ಕು ಗಾಲಿಗೂ ಬಲವಿದ್ದು ಲೋ ಗೇರು ಇಲ್ಲದ ವಾಹನಗಳು ಕಲ್ಲುಮಣ್ಣಿನ ದಾರಿಗೆ ಸಾಕು; ನಿಡಿದಾದ ಜೇಡಿಯ ಇಳಿಜಾರಿಗೆ ಸಾಲವು.

ಹಗುರವೇ ಮೇಲು

ಹಳೆಯ ಫೋರ್‌ವೀಲ್‌ಗಳಲ್ಲಿ ಯಾವುದು ಎಂಬ ಪ್ರಶ್ನೆಗೆ ಬೆಟ್ಟ ಕೊಡುವ ಉತ್ತರ ಸರಳವಾಗಿದೆ: ಕುಟುಂಬಕ್ಕೆ ಸಾಲುವವುಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದು, ಎಲ್ಲಕ್ಕಿಂತ ಕಿರಿದಾದದ್ದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ತಿಳಿದುಬಂದಂತೆ, ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಅದು ಕಟ್ಟಿದ ರಸ್ತೆಗಳ ಮಾತು. ನೀರು ಕುಡಿದ ಮಣ್ಣಿನ ದಾರಿ ಭಾರವನ್ನು ಇನ್ನೂ ಕಡಿಮೆ ತಾಳುತ್ತದೆ ಎಂಬುದನ್ನು ನಾಟಾ ಲಾರಿ ಹಾದ ಯಾವ ದಾರಿಯಲ್ಲಿಯೂ ನೋಡಬಹುದು.

ಮಾರುತಿ ಜಿಪ್ಸಿಯ ತೂಕ ಸುಮಾರು ಒಂದು ಟನ್, ಅಗಲ 1.54 ಮೀಟರ್, ಅಂದರೆ ಐದಡಿ. 1985ರಲ್ಲಿ ಬಂದು 1996ರಲ್ಲಿ ಹೆಚ್ಚು ಬಲದ 1.3 ಲೀಟರ್ ಎಂಜಿನ್ ಪಡೆದ ಈ ಪೆಟ್ರೋಲ್ ವಾಹನ ಗಾಡಿದಾರಿಯಲ್ಲಿ ಆಡಿನಂತೆ ಹತ್ತುತ್ತದೆ. ಸಾಮಾನು ಹೊರುವುದು ಕಡಿಮೆ, ಕುಳಿತವರಿಗೆ ಕುಲುಕಾಟ ಹೆಚ್ಚು. ಮಹೀಂದ್ರದ ಎಂಎಂ 540, ಮೇಜರ್ ಮುಂತಾದ ಡೀಸೆಲ್ ಜೀಪುಗಳು ಅದಕ್ಕಿಂತ ಭಾರವಾದರೂ ಹೊರೆ ಎಳೆಯಲು ಸೈ. ಅವುಗಳ ಬಿಡಿಭಾಗ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಸಿಗುತ್ತದೆ, ರಿಪೇರಿ ಊರಿನ ಗ್ಯಾರೇಜಿನಲ್ಲಿಯೇ ಆಗುತ್ತದೆ. 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿ ಹಗುರತನ, ಲೋ ಗೇರು ಮತ್ತು ಸುರಕ್ಷತೆಯನ್ನು ಒಂದೆಡೆ ತಂದಿದೆಯಾದರೂ ಹಳೆಯದರ ಪೇಟೆಗೆ ಈಗಷ್ಟೇ ಕಾಲಿಡುತ್ತಿದೆ. ಹೊಸ ಥಾರ್‌ನ ಅಗಲ 1.82 ಮೀಟರ್, ಅಂದರೆ ಆರಡಿ. ಜಿಪ್ಸಿಗಿಂತ ಹೆಚ್ಚಾದ ಆ ಒಂದಡಿಯೇ ಎಷ್ಟೋ ತಿರುವುಗಳಲ್ಲಿ ಮತ್ತೆ ದರೆ ಕಡಿಯುವ ಮಾತಿಗೆ ದಾರಿ ಮಾಡುತ್ತದೆ. ದಾರಿ ಉಳಿಸಲೆಂದು ತಂದ ವಾಹನವೇ ದಾರಿ ಅಗಲಿಸಲು ಕಾರಣವಾದರೆ ಕೊಂಡ ಉದ್ದೇಶವೇ ಕೆಟ್ಟಂತಾಯಿತು.

ಕುಟುಂಬದ ವಾಹನವೆಂದ ಮೇಲೆ ಇನ್ನೊಂದು ಮಾತನ್ನು ಮುಚ್ಚಿಡುವಂತಿಲ್ಲ. ಹಳೆಯ ಜೀಪುಗಳಲ್ಲಿ ಗಾಳಿಚೀಲವಿಲ್ಲ. ಹಿಂದಿನ ಅಡ್ಡಬೆಂಚುಗಳಲ್ಲಿ ಸೀಟುಪಟ್ಟಿಯಿಲ್ಲ. ಎಷ್ಟೋ ಜೀಪುಗಳಲ್ಲಿ ಪವರ್ ಬ್ರೇಕೂ ಇಲ್ಲ. ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಗಾಳಿಚೀಲ ಕಡ್ಡಾಯವಾದದ್ದು ಅದೇ ವರ್ಷದ ಜುಲೈಯಲ್ಲಿ. ಅದಕ್ಕೂ ಹಿಂದಿನ ಜೀಪು ಮನೆಯಿಂದ ಪೇಟೆಯವರೆಗಿನ ನಿಧಾನದ ಓಡಾಟಕ್ಕೆ ಸರಿ. ಮಕ್ಕಳನ್ನು ಅಡ್ಡಬೆಂಚಿನಲ್ಲಿ ಕೂರಿಸಿಕೊಂಡು ಹೆದ್ದಾರಿಯಲ್ಲಿ ಮಂಗಳೂರಿಗೋ ಬೆಂಗಳೂರಿಗೋ ಹೋಗಲು ಅದು ತಕ್ಕದ್ದಲ್ಲ. ಆ ಪ್ರಯಾಣಕ್ಕೆ ಬಸ್ಸಿದೆ, ರೈಲಿದೆ. ಮುಂದಕ್ಕೆ ಮುಖಮಾಡಿದ ಸೀಟು, ಎಲ್ಲರಿಗೂ ಸೀಟುಪಟ್ಟಿ, ಗಟ್ಟಿ ಮೇಲ್ಛಾವಣಿ ಇವಿಷ್ಟು ಇರುವುದನ್ನೇ ಆರಿಸಿಕೊಳ್ಳುವುದು ಮನೆಮಂದಿಯ ದೃಷ್ಟಿಯಿಂದ ಲೇಸು. ಮೊಣಕಾಲು ಬಾರದ ಅಜ್ಜಿ ಹತ್ತಲು ಒಂದು ಮೆಟ್ಟಿಲನ್ನೂ ಕೂಡಿಸಬೇಕು.

ಕೊಳ್ಳುವ ಮುನ್ನ ಕಣ್ಣು

ಹಳೆಯ ವಾಹನವನ್ನು ನೋಡಲು ಹೋಗಬೇಕಾದದ್ದು ಮುಂಜಾನೆ, ಎಂಜಿನ್ ತಣ್ಣಗಿರುವಾಗ. ಮೊದಲೇ ಬಿಸಿಮಾಡಿಟ್ಟ ಎಂಜಿನ್ ತನ್ನ ರೋಗವನ್ನು ಹೇಳುವುದಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪಾದರೆ ಇಂಧನ ಪೂರ್ತಿ ಸುಡುತ್ತಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬಿಳಿಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಆಯಿಲ್ ಮುಚ್ಚಳ ತೆರೆದಾಗ ಹೊಗೆ ಬುಸುಗುಟ್ಟಿದರೆ ರಿಂಗುಗಳು ಸವೆದಿವೆ. ಇವೆಲ್ಲಕ್ಕೂ ಮದ್ದುಂಟು, ಬೆಲೆಯಲ್ಲಿ ಕಳೆದರಾಯಿತು.

ಮದ್ದಿಲ್ಲದ ರೋಗ ತುಕ್ಕು. ಮಲೆನಾಡಿನ ಮಳೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಕರಾವಳಿಯ ಉಪ್ಪುಗಾಳಿಯಲ್ಲಿ ದುಡಿದ ವಾಹನದ ಚಾಸಿಯನ್ನು ಅಡಿಯಿಂದ ನೋಡಬೇಕು. ಸ್ಪ್ರಿಂಗಿನ ಪಟ್ಟಿಗಳು ಚಾಸಿಗೆ ಸೇರುವ ಕಡೆ, ಬಾಡಿ ಕೂರುವ ಕಡೆ ಸ್ಪ್ಯಾನರಿನಿಂದ ತಟ್ಟಿ ಸದ್ದು ಕೇಳಬೇಕು. ಹೊಸದಾಗಿ ಕರಿಬಣ್ಣ ಬಳಿದ ಚಾಸಿ ಕಂಡರೆ ಸಂಶಯ ಹೆಚ್ಚಬೇಕೇ ಹೊರತು ಸಂತೋಷವಲ್ಲ. ಸೀಟಿನ ಕೆಳಗಿನ ಹಳಿಗಳಲ್ಲಿ, ನೆಲಹಾಸಿನ ಅಡಿಯಲ್ಲಿ ನಯವಾದ ಒಣಕೆಸರು ಸಿಕ್ಕಿದರೆ ಆ ವಾಹನ ಯಾವುದೋ ನೆರೆಯಲ್ಲಿ ಮುಳುಗೆದ್ದು ಬಂದಿರಬಹುದು.

ಫೋರ್‌ವೀಲ್ ಕೋಲನ್ನು ಹಾಕಿ ನೋಡದೆ ಯಾವ ಮಾತೂ ಬೇಡ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಕೋಲು ಅಲ್ಲಿಯೇ ಜಾಮಾಗಿರುತ್ತದೆ. ಈ ಪರೀಕ್ಷೆ ಮಣ್ಣಿನ ಮೇಲೆಯೇ ಆಗಬೇಕು. ಜೀಪು, ಜಿಪ್ಸಿಗಳಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಅಚ್ಚುಗಳು ಒಂದೇ ವೇಗದಲ್ಲಿ ತಿರುಗಬೇಕಾಗುತ್ತದೆ. ಒಣಗಿದ ಟಾರಿನ ಮೇಲೆ ಹಾಗೆ ತಿರುವು ತೆಗೆದರೆ ಒಳಗಿನ ಹಲ್ಲುಗಳು ಬಿಗಿದು ಮುರಿಯಬಹುದು. ಇದೇ ಕಾರಣದಿಂದ ನಾಲ್ಕು ಟಯರುಗಳೂ ಒಂದೇ ಅಳತೆಯವೂ ಹೆಚ್ಚುಕಡಿಮೆ ಒಂದೇ ಸವೆತದವೂ ಆಗಿರಬೇಕು. ಟಯರಿನ ಮಗ್ಗುಲಲ್ಲಿ ಒತ್ತಿರುವ ನಾಲ್ಕು ಅಂಕಿಗಳು ಅದರ ಹುಟ್ಟನ್ನು ತಿಳಿಸುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ. ಮುಂದಿನ ಗಾಲಿಯನ್ನು ಜಾಕಿನ ಮೇಲೆತ್ತಿ ಮೇಲೆ ಕೆಳಗೆ ಅಲುಗಿಸಿದಾಗ ಲೊಟಗುಟ್ಟಿದರೆ ಬೇರಿಂಗ್, ಕಿಂಗ್‌ಪಿನ್‌ಗಳಿಗೆ ಕೆಲಸವಿದೆ. ಗಾಲಿಯ ಒಳಮಗ್ಗುಲಲ್ಲಿ ಎಣ್ಣೆ ಇಳಿದಿದ್ದರೆ ಸೀಲು ಹೋಗಿದೆ. ಸೋರಿದ ಆ ಎಣ್ಣೆ ಸೇರುವುದು ಹಳ್ಳವನ್ನೇ ಆದ್ದರಿಂದ ಅದನ್ನು ಸಣ್ಣ ದೋಷವೆಂದು ಬಿಡಲಾಗದು. ಪೆಟ್ರೋಲಿನಲ್ಲಿ ಈಗ ಎಥೆನಾಲ್ ಪಾಲು 20 ಪ್ರತಿಶತಕ್ಕೆ ಏರಿರುವುದರಿಂದ ಹಳೆಯ ಜಿಪ್ಸಿಯ ರಬ್ಬರು ಕೊಳವೆಗಳನ್ನೂ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

ಕಾಗದದ ಪರೀಕ್ಷೆ ಕಬ್ಬಿಣದ ಪರೀಕ್ಷೆಗಿಂತ ಕಡಿಮೆಯದಲ್ಲ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ವಾಹನವನ್ನು ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರುಗಳಿಗೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ಮೀರಿದವುಗಳಿಗೆ 2025ರಲ್ಲಿ ಮತ್ತೆ ಏರಿದೆ. ದೆಹಲಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ಹಸಿರು ನ್ಯಾಯಮಂಡಳಿ ತಡೆ ಹಾಕಿದ ಮೇಲೆ ಅಲ್ಲಿಂದ ದಕ್ಷಿಣಕ್ಕೆ ಬರುವ ವಾಹನಗಳು ಅಗ್ಗವಾಗಿ ಕಾಣುತ್ತವೆ. ಆದರೆ ಹೊರರಾಜ್ಯದ ನಿರಾಕ್ಷೇಪಣಾ ಪತ್ರ, ಕರ್ನಾಟಕದ ಜೀವಿತಾವಧಿ ತೆರಿಗೆ, ಮರುನೋಂದಣಿಯ ಅಲೆದಾಟವನ್ನು ಕೂಡಿಸಿದರೆ ಆ ಅಗ್ಗ ಹಲವೊಮ್ಮೆ ಉಳಿಯುವುದಿಲ್ಲ. ಹಳೆಯ ಜೀಪುಗಳಲ್ಲಿ ಎಂಜಿನ್ ಬದಲಿಸುವುದು ಮಾಮೂಲು. ಆರ್‌ಸಿ ಪುಸ್ತಕದ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಕಬ್ಬಿಣದ ಮೇಲಿನ ಸಂಖ್ಯೆಗಳೊಡನೆ ಅಕ್ಷರಕ್ಕಕ್ಷರ ಹೋಲಿಸಿ ನೋಡಬೇಕು. ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸಿದ ವಾಹನಕ್ಕೆ ನೋಂದಣಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿದೆ. ನೋಂದಣಿ ತೀರಿ ತೋಟದೊಳಗೆ ಮಾತ್ರ ಓಡುತ್ತಿರುವ ಜೀಪನ್ನು ಕಡಿಮೆ ಬೆಲೆಯ ಆಸೆಗೆ ಕೊಂಡು ಅದರಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಿದರೆ, ಅಪಘಾತವಾದ ದಿನ ವಿಮೆಯೂ ಕೈಬಿಡುತ್ತದೆ, ಕಾನೂನೂ ಕೈಬಿಡುತ್ತದೆ.

ಹೊಗೆಯ ಲೆಕ್ಕ

ಇಷ್ಟೆಲ್ಲ ಹೇಳಿದ ಮೇಲೂ ಹೊಗೆಯ ಪ್ರಶ್ನೆ ಉಳಿಯುತ್ತದೆ. ಅದನ್ನು ಜಾರಿಸಿಕೊಳ್ಳುವುದು ಪ್ರಾಮಾಣಿಕತೆಯಲ್ಲ. ಒಂದು ಲೀಟರು ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ, ಪೆಟ್ರೋಲಿನಿಂದ ಸುಮಾರು 2.3. ಲೀಟರಿಗೆ 11 ಕಿಲೋಮೀಟರ್ ಕೊಡುವ ಜೀಪು ವರ್ಷಕ್ಕೆ 6,000 ಕಿಲೋಮೀಟರ್ ಓಡಿದರೆ ಸುಮಾರು ಒಂದೂವರೆ ಟನ್. ಲೀಟರಿಗೆ 18 ಕಿಲೋಮೀಟರ್ ಕೊಡುವ ಸಣ್ಣ ಪೆಟ್ರೋಲ್ ಕಾರು ಅಷ್ಟೇ ಓಡಿದರೆ ಮುಕ್ಕಾಲು ಟನ್. ಜೀಪು ಇಮ್ಮಡಿ ಹೊಗೆ ಬಿಡುತ್ತದೆ. ಆದರೆ ಹೊಸ ವಾಹನವೊಂದರ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್, ರಬ್ಬರುಗಳನ್ನು ತಯಾರಿಸುವಷ್ಟರಲ್ಲಿಯೇ ಹಲವು ಟನ್ ಇಂಗಾಲ ಗಾಳಿ ಸೇರಿರುತ್ತದೆ. ಕಡಿಮೆ ಓಡುವ ಮನೆಗೆ, ಈಗಾಗಲೇ ಇರುವ ಕಬ್ಬಿಣವನ್ನು ಇನ್ನು ಹತ್ತು ವರ್ಷ ದುಡಿಸುವುದು ಆ ಲೆಕ್ಕದಲ್ಲಿ ನಷ್ಟವಲ್ಲ.

ಮಸಿಯ ಲೆಕ್ಕ ಮಾತ್ರ ಹಳೆಯ ಡೀಸೆಲ್ಲಿಗೆ ಪ್ರತಿಕೂಲವಾಗಿಯೇ ಇದೆ. ಡೀಸೆಲ್ ಕಾರುಗಳು ಕಿಲೋಮೀಟರಿಗೆ ಬಿಡಬಹುದಾದ ಸೂಕ್ಷ್ಮಕಣಗಳ ಮಿತಿ ಬಿಎಸ್ 3ರಲ್ಲಿ 50 ಮಿಲಿಗ್ರಾಂ ಇದ್ದದ್ದು, 2020ರಲ್ಲಿ ದೇಶವಿಡೀ ಜಾರಿಗೆ ಬಂದ ಬಿಎಸ್ 6ರಲ್ಲಿ 4.5ಕ್ಕೆ ಇಳಿಯಿತು. ಹಾಗೆಂದು ಹೊಸ ಡೀಸೆಲ್ಲೇ ಎಲ್ಲರಿಗೂ ಉತ್ತರವಲ್ಲ. ಅದರ ಮಸಿಜಾಲರಿ ತನ್ನನ್ನು ತಾನು ಸುಟ್ಟು ಶುದ್ಧಮಾಡಿಕೊಳ್ಳಲು ಆಗಾಗ ದೂರದ ಓಟ ಬೇಕು. ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಮಾತ್ರ ಓಡುವ ವಾಹನದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಹೀಗಾಗಿ ಹೊರೆ ಎಳೆಯಬೇಕಾಗಿಲ್ಲದ ಮನೆಗೆ ಹಳೆಯ ಪೆಟ್ರೋಲ್ ವಾಹನವೇ ಹೆಚ್ಚು ಒಗ್ಗುತ್ತದೆ. ಡೀಸೆಲ್ ಜೀಪು ತಂದವರು ಇಂಜೆಕ್ಟರು, ಗಾಳಿಸೋಸಕಗಳನ್ನು ಕಾಲಕಾಲಕ್ಕೆ ನೋಡಿಸಿಕೊಳ್ಳಬೇಕು. ಪೇಟೆಯೊಳಗೆ ನಿತ್ಯ ಓಡಾಡುವವರಿಗೆ ಹಳೆಯ ಡೀಸೆಲ್ ಜೀಪು ಯಾವ ಲೆಕ್ಕದಲ್ಲಿಯೂ ಸಮರ್ಥನೀಯವಲ್ಲ.

ಮಿತಿಯೇ ಮರ್ಯಾದೆ

ಫೋರ್‌ವೀಲ್ ಕೈಗೆ ಬಂದ ಮೇಲೆ ಎಲ್ಲಿಗಾದರೂ ಹೋಗಬಹುದೆಂಬ ಅಮಲು ಏರುವುದುಂಟು. ಕೊಡಚಾದ್ರಿಯ ಏರಿನಲ್ಲಿ, ಮಾಂದಲಪಟ್ಟಿಯ ಹುಲ್ಲುಗುಡ್ಡದ ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತು ಸಾಲುಗಟ್ಟುವ ಜೀಪುಗಳು ಕೊರೆದಿರುವ ಜಾಡುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳದ ಪಾತ್ರದಲ್ಲಿ ನೀರೆರಚುತ್ತ ಓಡುವುದು, ಬ್ಯಾಣದ ಹುಲ್ಲಿನ ಮೇಲೆ ಗಾಲಿ ತಿರುಗಿಸಿ ಕೆಸರು ಹಾರಿಸುವುದು, ಅದನ್ನು ಸ್ಪರ್ಧೆಯೆಂದು ಕರೆಯುವುದು ಇವು ಮಲೆನಾಡಿನ ಬದುಕಿನಿಂದ ಹುಟ್ಟಿದ ಹವ್ಯಾಸಗಳಲ್ಲ. ಒಮ್ಮೆ ಗಾಲಿ ಸೀಳಿದ ಹುಲ್ಲುನೆಲದಲ್ಲಿ ಮುಂದಿನ ಮಳೆ ತನ್ನದೇ ಕಾಲುವೆ ತೋಡಿಕೊಳ್ಳುತ್ತದೆ. ಟಯರಿಗೆ ಸರಪಳಿ ಕಟ್ಟುವುದೂ ಅನಿವಾರ್ಯವಾದ ದಿನಕ್ಕೆ ಮೀಸಲಾಗಿರಬೇಕು. ಮಳೆಗಾಲವಿಡೀ ಬಿಚ್ಚದ ಸರಪಳಿ ದಾರಿಯನ್ನು ಉತ್ತುಹಾಕುತ್ತದೆ. ಜೀಪನ್ನು ಹಳ್ಳಕ್ಕಿಳಿಸಿ ತೊಳೆಯುವ ರೂಢಿಯಂತೂ ನಿಲ್ಲಲೇಬೇಕು. ಆಯಿಲ್ಲಿನ ತೆಳುಪದರ ನೀರಿಗೆ ಗಾಳಿ ಸೇರದಂತೆ ತಡೆಯುತ್ತದೆ. ಮೀನಿನ ಮರಿ, ಕಪ್ಪೆಯ ಮೊಟ್ಟೆ ಅದರಡಿಯಲ್ಲಿ ಉಳಿಯವು.

ಇನ್ನೊಂದು ಮಿತಿ ಸಂಖ್ಯೆಯದು. ನಾಲ್ಕು ಮನೆಗಳ ಕೇರಿಗೆ ನಾಲ್ಕು ಜೀಪು ಬೇಕಾಗಿಲ್ಲ. ಹಿಂದೆ ಅಡಕೆ ಸುಲಿಯುವುದೂ, ಕೊಯ್ಲೂ, ಮನೆ ಹೊದೆಸುವುದೂ ಮುಯ್ಯಾಳಿನಲ್ಲಿ ನಡೆಯುತ್ತಿದ್ದ ಸೀಮೆ ಇದು. ಒಂದು ಮನೆಯ ಫೋರ್‌ವೀಲ್ ಮಳೆಗಾಲದಲ್ಲಿ ಕೇರಿಯ ಮಕ್ಕಳನ್ನು ಬಸ್ಸಿನವರೆಗೆ ಬಿಟ್ಟು, ಎಲ್ಲರ ಗ್ಯಾಸು, ಗೊಬ್ಬರವನ್ನು ಒಂದೇ ಸುತ್ತಿನಲ್ಲಿ ತಂದರೆ, ಉಳಿದ ಮೂರು ಮನೆಗಳು ದಾರಿಯ ಚರಂಡಿಯ ಕೆಲಸ ವಹಿಸಿಕೊಂಡರೆ ಅದೂ ಮುಯ್ಯಿಯೇ. ಬಿಳಿ ಫಲಕದ ವಾಹನವನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ; ಕೆಲಸಕ್ಕೆ ಕೆಲಸ ಕೊಡುವ ಹಳೆಯ ಪದ್ಧತಿಯಲ್ಲಿ ಆ ತೊಡಕೂ ಇಲ್ಲ.

ದಾರಿಯನ್ನು ವಾಹನಕ್ಕೆ ತಕ್ಕಂತೆ ತಿದ್ದುವುದು ಒಮ್ಮೆ ಶುರುವಾದರೆ ಅದಕ್ಕೆ ಕೊನೆಯಿಲ್ಲ. ಕಾರಿಗೆ ಅಗಲವಾದ ದಾರಿಗೆ ನಾಳೆ ಟಿಪ್ಪರ್ ಬರುತ್ತದೆ, ಟಿಪ್ಪರ್ ಬಂದ ದಾರಿಯಲ್ಲಿ ಕಾನಿನ ಅಂಚಿನ ಮರ ಹೊರಡುತ್ತದೆ, ಮರ ಹೋದ ದರೆ ಒಂದು ಆಶ್ಲೇಷ ಮಳೆಯ ರಾತ್ರಿ ಕೊಟ್ಟಿಗೆಯ ಮೇಲೆ ಇಳಿಯುತ್ತದೆ. ಹಳೆಯ ಜೀಪು ಯಾರನ್ನೂ ಪರಿಸರವಾದಿಯನ್ನಾಗಿ ಮಾಡದು. ಆದರೆ ಅಜ್ಜ ಎತ್ತಿನ ಗಾಡಿಗೆಂದು ಕಡಿದ ಎಂಟಡಿಯ ದಾರಿಯನ್ನು ಎಂಟಡಿಯಾಗಿಯೇ ಮೊಮ್ಮಗಳ ಕೈಗೆ ಒಪ್ಪಿಸಲು ಅದು ನೆರವಾಗಬಲ್ಲದು. ಈ ವರ್ಷ ಜೆಸಿಬಿಗೆ ಫೋನು ಮಾಡುವ ಮುನ್ನ ಒಂದು ದಿನ ಆ ದಾರಿಯನ್ನು ಮೇಲಿನಿಂದ ಕೆಳಗಿನವರೆಗೆ ನಡೆದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡಿಬಂದರೆ ಯಾವ ವಾಹನ ಬೇಕು, ಬೇಕೋ ಬೇಡವೋ ಎಂಬುದಕ್ಕೆ ಉತ್ತರ ಅಲ್ಲಿಯೇ ಸಿಕ್ಕೀತು.